ಓಣಿಗೊಂದು ಬೂಸ್ಟರ್

ಮಹಾಮಾಯಾಳ ಹಾಡು ಟೀವಿಯಲ್ಲಿ ಬರುವ ದಿನ ಹತ್ತಿರವಾಗಿತ್ತು. ಆದರೆ ಅವಳ ಮನೆಯ ಟೀವಿಯಲ್ಲಿ ಮನುಷ್ಯ ಯಾರು, ಮರ ಯಾವುದು ಎಂದು ತಿಳಿಯುವುದೇ ಕಷ್ಟವಾಗಿತ್ತು. ಬೀದರಿನ ಟವರಿನಿಂದ ಹೊರಟ ಸಿಗ್ನಲ್ಲು, ಔರಾದಿಗೆ ಬರುವ ಹೊತ್ತಿಗೆ ನಡೆದು ಬಂದವರಂತೆ ದಣಿದಿರುತ್ತಿತ್ತು. ಡಿಶ್ಶಿನ ಛತ್ರಿಗಳು ಆ ಓಣಿಗೆ ಇನ್ನೂ ಬಂದಿರಲಿಲ್ಲ. ಎಲ್ಲರ ಮಾಳಿಗೆಯ ಮೇಲೂ ಕಬ್ಬಿಣದ ಕೊಳವೆಗೆ ಕಟ್ಟಿದ ಆಂಟೆನಾಗಳೇ.

ಗಂಡ ಉತ್ತಮ ಔರಾದ–ಭಾಲ್ಕಿ ಬಸ್ಸಿನ ಕಂಡಕ್ಟರು. ಹಿಂದಿನ ವರ್ಷ ಬಸ್ಸಿನ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು ಐದು ತಿಂಗಳು ಮಂಚ ಹಿಡಿದಿದ್ದ. ಆಗ ಮಹಾಮಾಯಾ ಶಾಲೆಯಲ್ಲಿ ಅಡುಗೆ ಮಾಡಿ ಮನೆ ನಡೆಸಿದ್ದಳು. ಸಂಜೆ ಅವನ ಕಾಲಿಗೆ ಎಣ್ಣೆ ತಿಕ್ಕುತ್ತ ತಾನೇ ಪದ ಕಟ್ಟಿ ಗುನುಗುತ್ತಿದ್ದಳು. ಆ ಪದಗಳನ್ನೇ ಬುದ್ಧವಿಹಾರದ ಹೆಂಗಸರೊಂದಿಗೆ ಕಲಬುರಗಿಗೆ ಹೋಗಿ ಟೀವಿಯವರ ಮುಂದೆ ಹಾಡಿ ಬಂದಿದ್ದಳು. ಡ್ಯೂಟಿ ತಪ್ಪಿಸಲಾಗದೆ ಉತ್ತಮ ಜೊತೆಗೆ ಹೋಗಿರಲಿಲ್ಲ. ಅವಳ ಋಣದ ಬಗ್ಗೆ ಅವನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಟೀವಿಯಲ್ಲಿ ಅವಳ ಮುಖ ನಿಚ್ಚಳವಾಗಿ ಬರುವಂತೆ ಮಾಡಿದರೆ ಆ ಮಾತು ಹೇಳಿದಂತೆಯೇ ಆಯಿತು ಎಂದುಕೊಂಡು, ಬೀದರಿನ ಮುರ್ತುಜಾನ ಅಂಗಡಿಯಿಂದ ಸಿಗ್ನಲ್ ಹೆಚ್ಚಿಸುವ ಒಂದು ಬೂಸ್ಟರ್ ತಂದ.

"ಈ ಡಬ್ಬಿ ಮ್ಯಾಲ ಆಂಟೆನಾಕ್ಕ ಕಟ್ರಿ, ಅಡಾಪ್ಟರ್ ಕೆಳಗ ಟೀವಿ ಹತ್ರ ಹಚ್ರಿ," ಎಂದಿದ್ದ ಮುರ್ತುಜಾ. "ಕರೆಂಟ್ ವೈರಿನಾಗ ಏರ್ತದ, ಸಿಗ್ನಲ್ ದೊಡ್ಡದಾಗಿ ಇಳೀತದ."

ಕಾರ್ಯಕ್ರಮ ಇದ್ದದ್ದು ಭಾನುವಾರ ಐದೂವರೆಗೆ. ನಾಲ್ಕಕ್ಕೇ ಉತ್ತಮ ಡಬ್ಬಿ ಕಟ್ಟಲು ನಿಚ್ಚಣಿಕೆ ಹತ್ತಿದ. ಪಕ್ಕದ ಮನೆಯ ಹಾವಗೆಪ್ಪ ಕೆಳಗೆ ಬಂದು ನಿಂತ. ಅವನು ಮನೆಮನೆಗೆ ಕರೆಂಟ್ ಬಿಲ್ಲು ಹಂಚಿ ನಿವೃತ್ತನಾದವನು. ಆದ್ದರಿಂದ ಕರೆಂಟಿನ ವಿಷಯದಲ್ಲಿ ಕೊನೆಯ ಮಾತು ತನ್ನದೇ ಎಂದು ನಂಬಿದ್ದ.

"ಉತ್ತಮಪ್ಪಾ, ಬೀದರ ಕಡಿ ತಿರುವು."

"ಅಲ್ಲೇ ಅದರಿ ಕಾಕಾ."

"ಹಂಗಾದ್ರ ಇನ್ನಾ ಸ್ವಲ್ಪ ತಿರುವು."

ಉತ್ತಮ ಇಳಿದು ಬಂದು ಅಡಾಪ್ಟರಿನ ಸ್ವಿಚ್ ಒತ್ತಿದ. ಟೀವಿ ಒಮ್ಮೆ ಗುರ್ ಎಂದಿತು. ಪರದೆ ತುಂಬ ಬಿಳಿ ಬಿಳಿ ಚುಕ್ಕೆಗಳು ಕುಣಿದವು.

"ಮೊದಲ ತುಂತುರು ಮಳಿ ಇತ್ತು," ಎಂದಳು ಮಹಾಮಾಯಾ. "ಈಗ ಹತ್ತಿ ಜಿನ್ನಿಂಗ್ ಮಿಲ್ಲಿನಾಗ ಕುಂತಂಗ ಆಗ್ಯದರಿ."

ಅಷ್ಟರಲ್ಲಿ ಎದುರು ಮನೆಯ ಮಹಮೂದಾ ಬೇಗಂ ಬಂದಳು. "ಉತ್ತಮ ಭಾಯ್, ನಮ್ಮ ಟೀವಿ ಪೂರಾ ಹೋಯ್ತರಿ. ಮಹಾಮಾಯಾನ ಹಾಡು ಹ್ಯಾಂಗ ನೋಡೋದು?" ಹಾವಗೆಪ್ಪ ತನ್ನ ಮನೆಗೆ ಹೋಗಿ ನೋಡಿಬಂದ. ಅಲ್ಲಿಯೂ ಹತ್ತಿಯೇ.

"ಟವರಿಗೇ ಏನೋ ಆಗ್ಯದ," ಎಂದು ಹಾವಗೆಪ್ಪ ತೀರ್ಪು ಕೊಟ್ಟ. "ಇನ್ನ ಈ ಬೂಸ್ಟರ್ ಒಂದೇ ಗತಿ."

ಓಣಿಯವರೆಲ್ಲ ತಮ್ಮ ತಮ್ಮ ಟೀವಿ ಹಚ್ಚಿದ್ದನ್ನು ಹಾಗೇ ಬಿಟ್ಟು ಉತ್ತಮನ ಮನೆಗೆ ಬಂದು ಕೂತರು. ಅಡಾಪ್ಟರಿನಲ್ಲಿ ಪವರ್ ಏರಿಸುವ ಒಂದು ತಿರುಗುಣಿ ಇರುವುದು ಹಾವಗೆಪ್ಪನ ಕಣ್ಣಿಗೆ ಬಿತ್ತು. "ಇದನ್ನ ಯಾಕ ಅರ್ಧಕ್ಕ ಇಟ್ಟೀದಿ?" ಎಂದು ಪೂರ್ತಿ ತಿರುವಿದ. ಐದು ನಿಮಿಷದಲ್ಲಿ ಹಿಂದಿನ ಓಣಿಯವರೂ ಬಂದರು. ಅವರ ಟೀವಿಗಳೂ ಹೋಗಿದ್ದವು. ಉತ್ತಮನ ಮನೆ ಅಮಾವಾಸ್ಯೆಯ ಜಾತ್ರೆಯ ಬಸ್ಸಿನಂತೆ ತುಂಬಿತು. ಅವನಿಗೆ ನಿಲ್ಲಲು ಹೊಸ್ತಿಲು ಮಾತ್ರ ಉಳಿಯಿತು.

ಗಂಟೆ ಐದೂ ಇಪ್ಪತ್ತೈದು. ಅವನು ಅಂಗಳಕ್ಕೆ ಹೋಗಿ ಮುರ್ತುಜಾನಿಗೆ ಫೋನ್ ಮಾಡಿದ.

"ಆಜೂಬಾಜೂದವರ ಟೀವಿನೂ ಹೋಗ್ಯಾವೇನ್ರಿ?" ಎಂದು ಕೇಳಿದ ಮುರ್ತುಜಾ.

"ಹೌದ್ರಿ," ಎಂದ ಉತ್ತಮ ದನಿ ತಗ್ಗಿಸಿ.

"ಹಂಗಾದ್ರ ಪೀಸ್ ಖರಾಬ್ ಅದ ಭಾಯ್. ಅದು ಸಿಗ್ನಲ್ ಹಿಡಿಯೋದು ಬಿಟ್ಟು ತಾನೇ ಒದರ್ಲಿಕ್ಕತ್ತದ. ಅದರ ಗದ್ದಲಾನೇ ಎಲ್ಲಾರ ಆಂಟೆನಾಕ್ಕ ಬಡೀತದ. ಮೊದಲ ಬಂದ್ ಮಾಡ್ರಿ. ಆದ್ರ ಕರೆಂಟ್ ಇಲ್ದಿದ್ರ ಆ ಡಬ್ಬಿ ಏನೂ ದಾಟಗೊಡಂಗಿಲ್ಲ, ನಿಮ್ಮ ಟೀವಿ ಬರಂಗಿಲ್ಲ. ಡಬ್ಬಿ ಬಿಚ್ಚಿ ವೈರ್ ನೇರ ಕೂಡಿಸ್ರಿ."

ಉತ್ತಮ ಜನರನ್ನು ದಾಟಿ ಹೋಗಿ ಅಡಾಪ್ಟರ್ ಕಿತ್ತ. ಅವನ ಟೀವಿ ಮೌನವಾಯಿತು. ಅದೇ ಗಳಿಗೆಗೆ ಎದುರು ಮನೆಯಿಂದ ತಬಲಾ ಕೇಳಿಸಿತು. "ಬಂತು, ನಮ್ಮನ್ಯಾಗ ಬಂತು," ಎನ್ನುತ್ತ ಜನರೆಲ್ಲ ತಮ್ಮ ತಮ್ಮ ಮನೆಗೆ ಓಡಿದರು. ಉತ್ತಮ ಇಕ್ಕಳ ಹಿಡಿದು ಮಾಳಿಗೆ ಹತ್ತಿದ.

ಮೇಲೆ ಹೋದವನು ಆಂಟೆನಾದ ಕೊಳವೆಯ ಹತ್ತಿರ ನಿಂತುಬಿಟ್ಟ. ಓಣಿಯ ಉಳಿದೆಲ್ಲ ಮನೆಗಳಿಂದ ಒಂದೇ ಸಲಕ್ಕೆ ಮಹಾಮಾಯಾಳ ದನಿ ಏಳುತ್ತಿತ್ತು. ಎಣ್ಣೆ ತಿಕ್ಕುವಾಗ ಹಾಡುತ್ತಿದ್ದ ಅದೇ ಪದ. ಡಬ್ಬಿ ಬಿಚ್ಚುವುದು ಮರೆತೇಹೋಯಿತು. ಹಾಡು ಮುಗಿದಾಗ ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಮಹಾಮಾಯಾ ನಿಚ್ಚಣಿಕೆ ಹತ್ತಿ ಬಂದಿದ್ದಳು.

"ನೀ ಯಾರ ಮನಿಗೂ ಹೋಗ್ಲಿಲ್ಲೇನು?" ಎಂದ ಉತ್ತಮ.

"ನೀವು ಇಲ್ಲಿದ್ದೀರಿ, ನಾ ಅಲ್ಲಿ ಕುಂತು ಏನ್ ನೋಡ್ಲಿರಿ?"

ಉತ್ತಮ ಮುಖ ಒರೆಸಿಕೊಂಡ. "ನೀ ಇರಲಿಲ್ಲಂದ್ರ ನಾ ಆ ಮಂಚದಿಂದ ಏಳ್ತಿದ್ದಿಲ್ಲ," ಎಂದ. ವರ್ಷದಿಂದ ಗಂಟಲಲ್ಲಿ ನಿಂತ ಮಾತು ಅದು.

ಇಬ್ಬರೂ ಇಳಿದು ಬಂದಾಗ ಅಂಗಳದಲ್ಲಿ ಓಣಿಯೇ ನಿಂತಿತ್ತು. ಮಹಮೂದಾ ಬೇಗಂ ಶಾವಿಗೆ ಖೀರು ತಂದಿದ್ದಳು. ಹಾವಗೆಪ್ಪ ಇಬ್ಬರಿಗೂ ಹಾರ ಹಾಕಿದ.

"ತನ್ನ ಟೀವಿ ಬಂದ್ ಮಾಡ್ಕೊಂಡು ಬೂಸ್ಟರಿನ ಪವರ್ ಎಲ್ಲಾ ನಮಗ ಬಿಟ್ಟಾನ," ಎಂದು ಎಲ್ಲರಿಗೂ ಸಾರಿದ. "ಇಷ್ಟು ಸಾಫ್ ಚಿತ್ರ ನಾ ಹುಟ್ಟಿದಾಗಿನಿಂದ ನೋಡಿಲ್ಲ."

"ಹಂಗಲ್ರಿ ಕಾಕಾ, ನಿಮ್ಮ ಟೀವಿ ಕೆಡಿಸಿದ್ದೇ ಆ ಡಬ್ಬಿ," ಎಂದ ಉತ್ತಮ.

"ನೋಡ್ರಿ ಇವನ ದೊಡ್ಡ ಗುಣ," ಎಂದ ಹಾವಗೆಪ್ಪ. ಜನ ಚಪ್ಪಾಳೆ ತಟ್ಟಿದರು. "ಇನ್ನ ಮ್ಯಾಲ ಆ ಡಬ್ಬಿಗಿ ಯಾರೂ ಕೈ ಹಚ್ಚಬಾರದು. ಉತ್ತಮಪ್ಪಾ, ನೀನೂ ಹಚ್ಚಬ್ಯಾಡ." ಹೀಗೆಂದವನು ನಿಚ್ಚಣಿಕೆಯನ್ನು ಹೆಗಲ ಮೇಲೆ ಹೊತ್ತು ತನ್ನ ಮನೆಗೆ ಒಯ್ದು ಕೀಲಿ ಹಾಕಿದ.

ಡಬ್ಬಿ ಬಿಚ್ಚದೆ ಉತ್ತಮನ ಟೀವಿ ಬರುವಂತಿರಲಿಲ್ಲ. ಏಳು ಗಂಟೆಯ ವಾರ್ತೆಗೆ ಗಂಡ ಹೆಂಡತಿ ಇಬ್ಬರೂ ಹಾವಗೆಪ್ಪನ ಮನೆಯ ಬಾಗಿಲಲ್ಲಿ ಕೂತಿದ್ದರು. ಒಳಗೆ ಅವನ ಮನೆಮಂದಿಯೇ ತುಂಬಿ ಜಾಗವಿರಲಿಲ್ಲ, ಉಳಿದವರು ಹಿಂದೆ ಅಂಗಳದಲ್ಲಿ ಕೂತಿದ್ದರು.

"ದಿನಾ ಬರ್ರಿ, ಸಂಕೋಚ ಬ್ಯಾಡ. ಇದೆಲ್ಲಾ ನಿಮ್ಮ ಉಪಕಾರನೇ," ಎಂದು ಹಾವಗೆಪ್ಪ ಚಹಾ ಕೊಟ್ಟ. ಆಮೇಲೆ ಹಿಂದೆ ಕೂತವರ ಕಡೆ ನೋಡಿ, "ಉತ್ತಮಪ್ಪಾ, ತಲಿ ಸ್ವಲ್ಪ ತಗ್ಗಿಸು. ಹಿಂದಿನವರಿಗಿ ಕಾಣವಲ್ದು," ಎಂದ.