ಕಥಿ ಬರಿಯಾಕ ಹೊತ್ತು ಹುಡುಕಿದ್ದು

ಪೆನ್ನು ಹಿಡಿದು ಕುಂತವನ್ನ ಕಂಡರ ಮಂದಿಗೆ ಅವನಿಗೊಂದು ಕೆಲಸ ಹಚ್ಚದಿದ್ದರ ಸಮಾಧಾನ ಆಗಂಗಿಲ್ಲ. ನನಗಂತೂ ಇದು ತಪ್ಪಿದ್ದೇ ಇಲ್ಲ.

ಹೈದರಾಬಾದಿನಾಗ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕಂಪನಿ ಏಳಾಕತ್ತಿದ್ದ ಕಾಲ. ನಾನು ಬಾಲಾನಗರದ ಒಂದು ಕಾರ್ಖಾನಿಯೊಳಗ ಕಾರಕೂನ. ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವದ ಸಂಚಿಕೆಗೆ ಒಂದು ಕಥಿ ಕೇಳಿದರು. ರವಿವಾರ ಕೊಡಬೇಕು. ನನ್ನ ಮೊದಲನೇ ಕಥಿ, ಖುಷಿಗೆ ಕಾಲು ನೆಲದ ಮ್ಯಾಲ ನಿಲ್ಲವಲ್ಲವು. ಹೆಂಡತಿ ಆಗಲೇ ವಿಜಾಪುರದ ತವರಿಗೆ ಫೋನ್ ಮಾಡಿ, "ನಮ್ಮವರ ಕಥಿ ಪ್ರಿಂಟ್ ಆಗಾಕತ್ತೈತಿ" ಅಂತ ಡಂಗುರ ಸಾರಿಬಿಟ್ಟಿದ್ದಳು. ಬರೀಲಿಲ್ಲ ಅಂದರ ಮಾವನ ಮನಿಯಾಗ ಮಾರಿ ತೋರಸೂ ಹಂಗಿಲ್ಲ.

ಕಥಿ ತಲಿಯಾಗ ತಯಾರಿತ್ತು: ಎರಡು ಮನಿಗೆ ಹಳೇ ಜಗಳ, ನಡುವ ಒಂದು ಹುಡುಗ, ಒಂದು ಹುಡುಗಿ. ಬರಿಯಾಕ ಒಳ್ಳೇ ಹೊತ್ತೊಂದು ಸಿಗಬೇಕಿತ್ತು.

ನಸುಕು

"ನಸುಕಿನ್ಯಾಗ ಸರಸ್ವತಿ ಲಗೂನ ಒಲೀತಾಳ" ಅಂದರು ಸಂಘದ ಹಿರಿಯರು. ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಾಗ ಲೈಟ್ ಹಚ್ಚಿ ಕುಂತೆ. ಎದುರು ಮನಿ ತೆಲುಗಿನ ಅಕ್ಕಾರು ಬಾಗಿಲ ಬಡಿದರು. "ಅಣ್ಣಾ, ಹೆಂಗೂ ಎದ್ದೀರಿ. ನಳದ ನೀರು ಬಂದಾಗ ನಮ್ಮನ್ನೂ ಎಬ್ಬಿಸ್ರಿ." ಮರುದಿನ ಇಡೀ ಮಹಡಿಯವರು ಅದೇ ಮಾತು ಹೇಳಿ ನಿಶ್ಚಿಂತಿಯಿಂದ ಮಲಗಿದರು.

ಮೂರನೇ ದಿನ ಕಥಿ ಎಂಥಾ ಜೋರು ಬಂತಂದರ, ನೀರು ಬಂದು ಹೋದದ್ದೂ ತಿಳೀಲಿಲ್ಲ. ಇಡೀ ಮಹಡಿ ಜಳಕ ಇಲ್ಲದೇ ಆಫೀಸಿಗೆ ಹೋತು. ಎಲ್ಲಾರೂ ಬೈದರು. ಮಹಡಿಯ ಸಾಫ್ಟ್‌ವೇರ್ ಹುಡುಗರು ಮಾತ್ರ, "ಥ್ಯಾಂಕ್ಸ್ ಅಂಕಲ್, ಭಾಳ ದಿನದ ಮ್ಯಾಲ ಚಲೋ ನಿದ್ದಿ ಆತು" ಅಂದರು.

ಸಂಜಿ

ನಮ್ಮ ಕಡೆ ಹೋಗೂ ರೈಲು ಹಿಡಿಯಾಕ ಮಂದಿ ಬರೂ ಕಾಚಿಗೂಡ ಸ್ಟೇಷನ್ನಿನಾಗ ಕನ್ನಡ ಕಿವಿಗೆ ಬೀಳತೈತಿ, ಬರಿಯಾಕ ಹುರುಪು ಬರತೈತಿ ಅಂತ ಅಲ್ಲಿ ಹೋಗಿ ಬೆಂಚಿನ ಮ್ಯಾಲ ಕುಂತೆ. ಮನಿ ಕಟ್ಟೂ ಕೆಲಸದ, ಯಾದಗಿರಿ ಕಡೆಯ ಗೌಂಡಿಯೊಬ್ಬ ಬಂದ. "ಅಣ್ಣಾರ, ಈ ರಿಸರ್ವೇಶನ್ ಫಾರ್ಮ್ ಒಂದ್ ತುಂಬಿ ಕೊಡ್ರಿ." ತುಂಬಿ ತಲಿ ಎತ್ತತೀನಿ, ಅವನ ಹಿಂದ ಮಂದಿ ಪಾಳಿ ಹಚ್ಚ್ಯಾರ.

ಮನಿಗೆ ಬಂದಾಗ ಹೆಂಡತಿ ಕೇಳಿದಳು, "ಎಷ್ಟ್ ಬರದ್ರಿ?"

"ಭಾಳ ಬರದೆ. ಎಲ್ಲಾ ಯಾದಗಿರಿಗೆ ಹೋದವು."

"ನಮ್ಮ ವಿಜಾಪುರಕ್ಕ ಯಾವಾಗ ಹೋಗ್ತಾವು?"

ಮಧ್ಯಾಹ್ನ

ಐಟಿ ಗಾಳಿ ನಮ್ಮ ಕಾರ್ಖಾನಿಗೂ ಬಡಿದಿತ್ತು. ಟೈ ಕಟ್ಟಿದ ಹೊಸ ಮ್ಯಾನೇಜರು ಊಟ ಆದ ಕೂಡಲೇ ಎಸಿ ಕೋಣಿಯೊಳಗ ಮೀಟಿಂಗ್ ಕರೀತಿದ್ದರು. ಅವತ್ತು ಶನಿವಾರ, ಕಥಿ ಕೊಡಾಕ ಮರುದಿನವೇ ಗಡುವು. ಸ್ಟೋರ್ಸಿನ ಸಾಹೇಬರಿಗೂ ಪರ್ಚೇಸಿನ ಸಾಹೇಬರಿಗೂ ಇದ್ದ ಹಳೇ ಜಗಳ ಬಗೀಹರಸೂದು ಮೀಟಿಂಗಿನ ವಿಷಯ. ಮಂದಿ ತೂಕಡಿಸಾಕತ್ತಿದ್ದರು. ಬಾಜೂಕ ನಮ್ಮ ಹೈದರಾಬಾದಿ ಫೋರ್‌ಮನ್ ಗೊರಕಿ ಹೊಡೀತಿದ್ದ.

ನಾನು ಬರಿಯಾಕತ್ತೆ. ಆಹಾ, ಹೊತ್ತಂದರ ಅದು! ಅಲ್ಲಿ ಪೆನ್ನು ಹಿಡದವನಿಗೆ ಯಾರೂ ಕೆಲಸ ಹಚ್ಚಂಗಿಲ್ಲ, ಕೆಲಸದಾಗೇ ಅದಾನ ಅಂತ ತಿಳೀತಾರ. ಕಡೀ ಸಾಲು ಬರೆದು ಚುಕ್ಕಿ ಇಟ್ಟೆ. ಕಥಿ ಮುಗೀತು. ಕಣ್ಣಾಗ ನೀರು ಬಂತು.

"ನೋಡ್ರಿ, ಇವರೊಬ್ಬರೇ ಎಲ್ಲಾ ಬರಕೊಂಡಾರ" ಅಂದರು ಮ್ಯಾನೇಜರು. "ಎದ್ದು ಹೇಳ್ರಿ, ಇಷ್ಟು ದಿನದ ಜಗಳ ಕಡೀಕ ಹೆಂಗ ಮುಗೀತು?"

ನಾನಿನ್ನೂ ಕಥಿಯೊಳಗೇ ಇದ್ದೆ. ಎದ್ದು ನಿಂತು ಖುಷಿಲೇ ಹೇಳಿಬಿಟ್ಟೆ: "ಇಬ್ಬರದೂ ಲಗ್ನ ಆತ್ರಿ, ಸರ್."

ಸ್ಟೋರ್ಸಿನ ಸಾಹೇಬರು, ಪರ್ಚೇಸಿನ ಸಾಹೇಬರು, ಇಬ್ಬರೂ ದಪ್ಪ ಮೀಸಿಯವರು, ಒಬ್ಬರ ಮಾರಿ ಒಬ್ಬರು ನೋಡಿದರು.

ಅಷ್ಟರಾಗ ಫೋರ್‌ಮನ್ ಕಣ್ಣು ತಿಕ್ಕೋತ ಎದ್ದು ಕೇಳಿದ: "ಲಗ್ನದ ದಾವತ್ ಯಾವಾಗ ಮಿಯಾ?"