ಫ್ಯಾಟ್ ಎಷ್ಟ ಬಂತ್ರಿ?

ಕೊಲ್ಹಾಪುರದ ಒಂದು ಆಸ್ಪತ್ರೆಯಲ್ಲಿ, ಸ್ಟೆಮ್ ಸೆಲ್ ಚಿಕಿತ್ಸೆ ಎಂದರೇನು ಎಂದು ರಕ್ತದ ಕಾಯಿಲೆಯವರಿಗೆ ತಿಳಿಸಿ ಹೇಳುವುದು ನನ್ನ ಕೆಲಸ. ಕೆಟ್ಟ ರಕ್ತವನ್ನು ಔಷಧಿಯಿಂದ ಅಳಿಸುತ್ತಾರೆ, ಆಮೇಲೆ ಹೊಸ ರಕ್ತ ಹುಟ್ಟಿಸುವ ಸೆಲ್ಲುಗಳನ್ನು ನರದೊಳಗೆ ಬಿಡುತ್ತಾರೆ. ಇಷ್ಟೇ. ಆದರೆ ಮೊದಲನೆಯ ಮಾತಿನಿಂದ ಎರಡನೆಯದಕ್ಕೆ ನಾನು ನೆಟ್ಟಗೆ ಹೋದ ದಿನವೇ ಇಲ್ಲ. ನಾನು ಇಚಲಕರಂಜಿಯವಳು, ಮರಾಠಿ, ಕನ್ನಡ ಎರಡೂ ಬರುತ್ತವೆ ಎಂದು ಕನ್ನಡದವರನ್ನೆಲ್ಲ ನನ್ನ ಟೇಬಲ್ಲಿಗೇ ಅಟ್ಟುತ್ತಾರೆ. ಅವರು ನಡುವೆ ಏನಾದರೂ ಕೇಳಿಯೇ ಕೇಳುತ್ತಾರೆ.

೧. ತಂಗಳು

ಉದಗಾಂವದ ಜೈನರ ಅಜ್ಜಿಯೊಬ್ಬರಿಗೆ ಅವರದೇ ಸೆಲ್ ತೆಗೆದು, ಹದಿನೈದು ದಿನ ಥಂಡಿಯಲ್ಲಿಟ್ಟು, ಮರಳಿ ಅವರಿಗೇ ಕೊಡುವುದಿತ್ತು. ಸಂಜೆ ಕೊಡುತ್ತೇವೆ ಎಂದು ಡಾಕ್ಟರು ಹೇಳಿದ್ದೇ ತಡ, ಅಜ್ಜಿ ತಕರಾರು ತೆಗೆದರು. ಹೊತ್ತು ಮುಳುಗಿದ ಮೇಲೆ ಅವರು ಏನನ್ನೂ ಒಳಗೆ ತೆಗೆದುಕೊಳ್ಳುವುದಿಲ್ಲ. ಔಷಧಿಗೆ ಮಾಫಿ ಇದೆಯಂತೆ. ಆದರೆ ಇದು ಔಷಧಿಯಲ್ಲ, ನಿಮ್ಮದೇ ಸೆಲ್ ಎಂದು ನಾನೇ ಜಾಣತನ ಮಾಡಿ ಹೇಳಿಬಿಟ್ಟಿದ್ದೆ. ಡಾಕ್ಟರು ಪಾಪ, ಬೆಳಿಗ್ಗೆ ಹತ್ತಕ್ಕೆ ಬದಲಿಸಿದರು. ಗೆದ್ದೆ ಅಂದುಕೊಂಡೆ. ಆಗ ಅಜ್ಜಿ ನನ್ನನ್ನು ಹತ್ತಿರ ಕರೆದರು.

"ಹದಿನೈದ ದಿನಾ ಇಟ್ಟದ್ದಂದ್ರ ತಂಗಳಾತಲ್ರಿ ಬಾಯಾರ. ತಂಗಳ ನಾವು ಮುಟ್ಟಂಗಿಲ್ಲ."

ಅಷ್ಟು ಥಂಡಿಯಲ್ಲಿ ಸೆಲ್ಲುಗಳು ಕೆಡುವುದಿಲ್ಲ, ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಅಲುಗುವುದೂ ಇಲ್ಲ ಎಂದೆ. ಅಜ್ಜಿ ಕಣ್ಣು ಮುಚ್ಚಿ ವಿಚಾರ ಮಾಡಿದರು.

"ಹಂಗಾರ ಅವೂ ಉಪವಾಸ ಮಾಡ್ಯಾವ. ಬರ್ಲಿ ತಗೋರಿ."

೨. ಅಣ್ಣ, ತಮ್ಮ ಮತ್ತು ಎಮ್ಮೆ

ಗಡಹಿಂಗ್ಲಜದ ಆಚೆ, ನೇಸರಿ ಕಡೆಯ ಒಂದು ಹಳ್ಳಿ. ಅಲ್ಲಿನ ಹಾಲಿನ ಡೇರಿಗೆ ಅಣ್ಣ ಸೆಕ್ರೆಟರಿ; ಹಾಲಿನ ಫ್ಯಾಟ್ ಅಳೆದು, ಸಹಿ ಹಾಕಿ ಚೀಟಿ ಕೊಡುವವನು ಅವನೇ. ಆರು ವರ್ಷದ ಹಿಂದೆ ತಮ್ಮನ ಎಮ್ಮೆಯ ಹಾಲಿನಲ್ಲಿ ನೀರಿದೆ ಎಂದು ಎಲ್ಲರ ಮುಂದೆ ಚೀಟಿ ಬರೆದುಕೊಟ್ಟಿದ್ದ. ಅಂದಿನಿಂದ ತಮ್ಮ ಮಾತು ಬಿಟ್ಟು, ಹಾಲನ್ನು ಪಕ್ಕದೂರಿಗೆ ಒಯ್ಯುತ್ತಿದ್ದ.

ಈಗ ಅಣ್ಣನಿಗೆ ರಕ್ತದ ಕ್ಯಾನ್ಸರ್. ಮನೆಮಂದಿಯಲ್ಲಿ ಅವನಿಗೆ ಹೊಂದಿದ ಸೆಲ್ ತಮ್ಮನದು ಮಾತ್ರ. ಅವನು ಒಲ್ಲೆ ಎಂದರೆ ಅಣ್ಣ ಉಳಿಯುವುದು ಕಷ್ಟ. ತಮ್ಮನಿಗೆ ನಾನೇ ಫೋನ್ ಮಾಡಿದೆ. ಮರುದಿನ ಮೊದಲ ಎಸ್.ಟಿ. ಬಸ್ಸು ಹಿಡಿದು ಬಂದು ನನ್ನೆದುರು ಕೂತ.

"ಕೊಡ್ತೇನ್ರಿ. ಆದ್ರ ಅಂವನ ಕೂಡ ಮಾತಾಡಂಗಿಲ್ಲ."

ಅಣ್ಣನ ಜೊತೆ ಮಾತಾಡಬೇಕೆಂದು ಫಾರಂನಲ್ಲಿ ಎಲ್ಲಿಯೂ ಇಲ್ಲ ಎಂದು ಓದಿ ತೋರಿಸಿದ ಮೇಲೆಯೇ ಸಹಿ ಹಾಕಿದ.

ಐದು ದಿನ ಸೆಲ್ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟು ಅವನನ್ನು ಮಷೀನಿಗೆ ಹಚ್ಚಿದರು. ಒಂದು ಕೈಯಿಂದ ರಕ್ತ ಹೋಗಿ, ಸೆಲ್ಲುಗಳನ್ನು ಅಲ್ಲಿ ತೂಗುವ ಚೀಲದಲ್ಲಿ ಬಿಟ್ಟು, ಇನ್ನೊಂದು ಕೈಗೆ ಮರಳುತ್ತಿತ್ತು. ನಾಲ್ಕು ತಾಸು ಅವನು ಆ ಚೀಲದ ಮೇಲಿನ ಕಣ್ಣು ಕೀಳಲಿಲ್ಲ. ಚೀಲ ಎಣಿಕೆಗೆ ಲ್ಯಾಬಿಗೆ ಹೋಯಿತು. ಊಟಕ್ಕೆ ಏಳಿ ಎಂದರೆ ಏಳಲೊಲ್ಲ.

"ಫ್ಯಾಟ್ ಎಷ್ಟ ಬಂತ್ರಿ?"

ಬೇಕಾದ್ದಕ್ಕಿಂತ ಹೆಚ್ಚೇ ಬಂದಿದೆ ಎಂದು ಲ್ಯಾಬಿನ ರಿಪೋರ್ಟು ಕೊಟ್ಟೆ. ಅದು ಬೇಡವಂತೆ. ಮಾಲು ತೆಗೆದುಕೊಂಡ ಸೆಕ್ರೆಟರಿಯ ಕೈಯ ಚೀಟಿಯೇ ಬೇಕಂತೆ.

೩. ಚೀಟಿ

ತಮ್ಮನ ಸೆಲ್ಲುಗಳನ್ನು ಅಣ್ಣನ ನರದೊಳಗೆ ಬಿಟ್ಟರು; ಸೋಂಕು ತಗುಲದಂತೆ ಅವನನ್ನು ಗಾಜಿನ ಕೋಣೆಯಲ್ಲಿಟ್ಟಿದ್ದರು. ಸೆಲ್ ಮೈಗೆ ಹತ್ತಿತೋ ಇಲ್ಲವೋ ತಿಳಿಯಲು ಎರಡು ವಾರ ಬೇಕು. ತಮ್ಮ ಎಮ್ಮೆಗಳನ್ನು ಹೆಂಡತಿಗೆ ಬಿಟ್ಟು ಕೆಳಗಿನ ಬೆಂಚಿನ ಮೇಲೆಯೇ ಠಿಕಾಣಿ ಹೂಡಿದ. ಅಣ್ಣನ ಸುದ್ದಿ ಮಾತ್ರ ಕೇಳುತ್ತಿರಲಿಲ್ಲ. ದಿನವೂ ನನ್ನನ್ನು ತಡೆದು, ನನ್ನ ಮಾಲು ಹೆಂಗೈತ್ರಿ ಅನ್ನುತ್ತಿದ್ದ.

ಹದಿನಾರನೆಯ ದಿನ ಅಣ್ಣನ ರಕ್ತದ ಎಣಿಕೆ ಏರಿತು, ಸೆಲ್ ಹತ್ತಿದೆ ಎಂದರು ಡಾಕ್ಟರು. ನನಗೆ ಖುಷಿಗೆ ಅಳುವೇ ಬಂತು, ಮಾಸ್ಕ್ ಇದ್ದದ್ದಕ್ಕೆ ಮಾನ ಉಳಿಯಿತು. ಅಣ್ಣನಿಗೆ ಸುದ್ದಿ ಹೇಳಿದೆ, ತಮ್ಮನ ಬೇಡಿಕೆಯನ್ನೂ ಹೇಳಿದೆ. ಅವನು ಕಾಗದ ಕೇಳಿ ಪಡೆದು ಬರೆದ: 'ಮಾಲು ಚಲೋ ಐತಿ. ನೀರಿಲ್ಲ. ಆವತ್ತೂ ಇರಲಿಲ್ಲ.'

ಓಡಿ ಹೋಗಿ ತಮ್ಮನಿಗೆ ಕೊಟ್ಟೆ. ಎರಡು ಸಲ ಓದಿದ. ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ. ಆಮೇಲೆ ಹಾಳೆಯನ್ನು ತಿರುವಿ ಹಿಂದುಗಡೆಯೂ ನೋಡಿ, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದ. ನಾನೂ ಏದುಸಿರು ಬಿಡುತ್ತ ಹಿಂದೆ ಹೋದೆ. ಗಾಜಿನ ಈಚೆಯ ಫೋನು ಎತ್ತಿ, ಚೀಟಿಯನ್ನು ಗಾಜಿಗೆ ಹಚ್ಚಿ ಹಿಡಿದ. ಆರು ವರ್ಷದ ಮೇಲೆ ಅಣ್ಣನೊಂದಿಗೆ ಅವನಾಡಿದ ಮೊದಲ ಮಾತು ಇದು:

"ಅಣ್ಣಾ, ಸಹಿ ಎಲ್ಲೈತಿ?"