ಸಹಿ ಬಿದ್ದ ಬದಿ

ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಸುದರ್ಶನ ನಾಯ್ಕ ಕುಮಟಾದ ಕಚೇರಿಯಲ್ಲಿ ತನ್ನ ರಾಜೀನಾಮೆ ಪತ್ರವನ್ನು ಮುದ್ರಿಸಿದ.

ಕಚೇರಿ ಎಂದರೆ ಹೊಲಿಗೆ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಕಡಲಾಮೆಯ ಮೊಟ್ಟೆ ಕಾಯುವ ಆ ಸಂಸ್ಥೆಯಲ್ಲಿ ಇದ್ದವರು ಮೂವರು. ನಿರ್ದೇಶಕಿ ಮಹಾಲಕ್ಷ್ಮೀ ಹೆಗಡೆ, ಕಚೇರಿ ನೋಡಿಕೊಳ್ಳುವ ಸುಚಿತಾ, ಮಿಕ್ಕಿದ್ದೆಲ್ಲ ನೋಡಿಕೊಳ್ಳುವ ಸುದರ್ಶನ. ಗೂಡು ಎಣಿಸುವವನು, ವರದಿ ಬರೆಯುವವನು, ಶಾಲೆಯ ಮಕ್ಕಳೆದುರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಆಮೆಯಾಗುವವನು, ಎಲ್ಲ ಅವನೇ. ನಾಲ್ಕು ವರ್ಷದಲ್ಲಿ ಮೂರು ತಾಲೂಕುಗಳಲ್ಲಿ ಅವನ ಹೆಸರು ಅಳಿಸಿ ಹೋಗಿ ‘ಆಮೆ ಮಾಸ್ತರ’ ಉಳಿದಿತ್ತು. ಹೊನ್ನಾವರದ ಕಡೆಯಿಂದ ಬಂದ ಎರಡು ಸಂಬಂಧಗಳು, “ಹುಡ್ಗ ಎಂತ ಮಾಡ್ತ?” ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಮುಂದುವರಿಯಲಿಲ್ಲ.

ಈಗ ಭಟ್ಕಳದ ಪತ್ತಿನ ಸಹಕಾರಿ ಸಂಘವೊಂದು ಅವನಿಗೆ ಗುಮಾಸ್ತನ ಕೆಲಸ ಕೊಟ್ಟಿತ್ತು. ಹತ್ತರಿಂದ ಐದು, ಭಾನುವಾರ ರಜೆ. ಷರತ್ತು ಒಂದೇ: ಈಗಿನ ಸಂಸ್ಥೆ ಬಿಡುಗಡೆ ಮಾಡಿದ್ದಕ್ಕೆ ಸಹಿಯುಳ್ಳ ಪತ್ರ ಶುಕ್ರವಾರ ಐದರೊಳಗೆ ತಲುಪಬೇಕು. ಇಲ್ಲದಿದ್ದರೆ ಕೆಲಸ ಪಟ್ಟಿಯಲ್ಲಿ ಎರಡನೆಯವನಾದ ಅನೂಪನಿಗೆ.

ಸಂಸ್ಥೆಯಲ್ಲಿ ಹೊಸ ಕಾಗದಕ್ಕೆ ಮುದ್ರಿಸುವ ಪದ್ಧತಿ ಇರಲಿಲ್ಲ. ಮರ ಕಡಿದು ಆಮೆ ಉಳಿಸುವುದು ಬೇಡ ಎಂಬುದು ಮಹಾಲಕ್ಷ್ಮಕ್ಕನ ಮಾತು. ಒಂದು ಬದಿ ಬಳಸಿದ ಕಾಗದಗಳೆಲ್ಲ ಪ್ರಿಂಟರಿನ ಪಕ್ಕದ ರಾಶಿಗೆ ಹೋಗುತ್ತಿದ್ದವು, ಮುಂದಿನ ಪತ್ರ ಅದರ ಬೆನ್ನ ಮೇಲೆ ಬರುತ್ತಿತ್ತು. ಸುದರ್ಶನನ ರಾಜೀನಾಮೆಯೂ ಹಾಗೇ ಬಂತು. ಕೆಳಗೆ ‘ಇಂದಿನಿಂದ ಬಿಡುಗಡೆ ಮಾಡಲಾಗಿದೆ’ ಎಂದು ನಿರ್ದೇಶಕಿಯ ಸಹಿಗೆ ಜಾಗ ಬಿಟ್ಟಿದ್ದ. ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ.

ಬಾಯಲ್ಲಿ ಹೇಳುವ ಧೈರ್ಯ ಅವನಿಗೆ ಇರಲಿಲ್ಲ. ಅನುದಾನ ಕೊಡುವ ಬೆಂಗಳೂರಿನವರು ಇನ್ನು ಮೂರು ವರ್ಷ ಸಂಸ್ಥೆ ಬಿಡದ ಒಬ್ಬರ ಹೆಸರು ಕೇಳಿದ್ದರು. ತಿಂಗಳ ಹಿಂದೆ ಮಹಾಲಕ್ಷ್ಮಕ್ಕ ಅವನ ಹೆಸರಿನ ಪತ್ರ ಸಿದ್ಧಮಾಡಿ ಅವನ ಮೇಜಿನ ಮೇಲಿಟ್ಟು, “ಒಪ್ಪಿಗೆ ಇದ್ರೆ ತಂದು ಕೊಡು, ಸಹಿ ಹಾಕ್ತೆ. ಇಲ್ದಿದ್ರೆ ಬೇಡ. ನಾ ಮತ್ತೆ ಕೇಳೂದಿಲ್ಲ” ಎಂದಿದ್ದರು. ಅವನು ಕೊಡಲಿಲ್ಲ. ಅವರು ಕೇಳಲಿಲ್ಲ. ಇಬ್ಬರೂ ಒಳ್ಳೆಯವರಾದ್ದರಿಂದ ಒಂದು ತಿಂಗಳು ಮಾತೇ ಕಷ್ಟವಾಗಿತ್ತು.

ಮಹಾಲಕ್ಷ್ಮಕ್ಕ ಭಟ್ಕಳದ ಹತ್ತಿರದ ತೆಂಗಿನಗುಂಡಿ ಕಡಲತೀರದಲ್ಲಿದ್ದರು. ಅಲ್ಲಿನ ಮೂರನೇ ಗೂಡಿನ ಬೇಲಿಯನ್ನು ನಾಯಿ ಹರಿದು ಹಾಕಿತ್ತು. ಹೇಗೂ ಹೋಗುವವನಲ್ಲವೇ ಎಂದು ಸುಚಿತಾ ಒಂದು ಹೊರೆ ಬಲೆಯನ್ನೂ ಆರು ಬಿದಿರು ಗೂಟಗಳನ್ನೂ ಅವನ ಹೆಗಲಿಗೇರಿಸಿದಳು. ಭಟ್ಕಳದ ಬಸ್ಸಿನಲ್ಲಿ ಅವನು ಯಕ್ಷಗಾನ ಮೇಳ ತಪ್ಪಿಸಿಕೊಂಡ ಒಂಟಿ ಕಲಾವಿದನಂತೆ ನಿಂತ.

ಹಳದೀಪುರದಲ್ಲಿ ದೂರದ ಸಂಬಂಧಿ ಮಾಬ್ಲೇಶ್ವರ ರಸ್ತೆಯಲ್ಲಿ ನಿಂತು ಬಸ್ಸಿನ ಕಿಟಕಿಯಲ್ಲೇ ಅವನನ್ನು ಕಂಡುಹಿಡಿದ.

“ಮಾಸ್ತರ, ಇಳಿ ಇಳಿ. ನಮ್ಮ ಬಾವಿಲಿ ಆಮೆ ಬಿದ್ದದೆ.”

ತನಗೆ ಇವತ್ತು ತುರ್ತಿದೆ ಎಂದು ಸುದರ್ಶನ ಹೇಳಿದ. ಆಮೆ ಸಾಯುತ್ತಿರುವಾಗ ಆಮೆ ಮಾಸ್ತರರಿಗೆ ಅದಕ್ಕಿಂತ ತುರ್ತು ಯಾವುದು ಎಂದು ಬಸ್ಸಿನ ಅರ್ಧ ಜನ ಕೇಳಿದರು. ಕಂಡಕ್ಟರ್ ಸೀಟಿ ಊದಿ, ಗೂಟಗಳನ್ನು ಒಂದೊಂದಾಗಿ ಇಳಿಸಿಕೊಟ್ಟ.

ಬುಟ್ಟಿಗೆ ಹಗ್ಗ ಕಟ್ಟಿ, ಒಂದೂವರೆ ತಾಸು ಬಾವಿಗೆ ಬಗ್ಗಿ, ಅಂಗೈಯಷ್ಟು ದೊಡ್ಡ ಕೆರೆ ಆಮೆಯೊಂದನ್ನು ಅವನು ಮೇಲೆತ್ತಿದ. ಆಗ ಮಾಬ್ಲೇಶ್ವರನ ಹೆಂಡತಿ ಹಿತ್ತಿಲಿನಿಂದ ಬಂದಳು.

“ಅದ್ನ ಎಂತಕ್ಕೆ ತೆಗ್ದ್ರಿ? ನೀರು ಚೊಕ್ಕ ಇರ್ಲಿ ಅಂತ ನಾನೇ ತಂದು ಬಿಟ್ಟದ್ದು.”

ಮಾಬ್ಲೇಶ್ವರ ಆಕಾಶ ನೋಡಿದ. ಸುದರ್ಶನ ಆಮೆಯನ್ನು ಮತ್ತೆ ಬಾವಿಗೆ ಇಳಿಸಿದ. ಅದಕ್ಕೆ ಅರ್ಧ ತಾಸು.

ತೆಂಗಿನಗುಂಡಿ ತಲುಪಿದಾಗ ಎರಡು ಗಂಟೆ. ಗೂಡು ಕಾಯುವ ಮೀನುಗಾರ ಜಟ್ಟಿ, ಊಟವಾಯಿತೇ ಎಂದು ಕೇಳುವ ಮೊದಲೇ ಗೂಟ ಹಿಡಿಯಲು ಹೇಳಿದ. ಬೇಲಿ ಮುಗಿಯುವಾಗ ಎರಡೂ ಮುಕ್ಕಾಲು. ಮಹಾಲಕ್ಷ್ಮಕ್ಕ ಮರಳಿನಲ್ಲಿ ಕಾಲು ನೀಡಿಕೊಂಡು ಕುಳಿತಿದ್ದರು. ಅವರಿಗೆ ಅರವತ್ತೆಂಟು.

ಸುದರ್ಶನ ಮಡಚಿದ ಕಾಗದ ಅವರ ಕೈಗಿಟ್ಟು, “ಅಕ್ಕ, ಇದ್ನ ಓದಿ ಸಹಿ ಹಾಕಿ” ಎಂದು ಸಮುದ್ರದ ಕಡೆ ಮುಖ ತಿರುಗಿಸಿದ. ಮಡಿಕೆ ಬಿಚ್ಚುವ ಸದ್ದು ಕೇಳಿತು.

“ಒಂದು ತಿಂಗಳಿಂದ ಕಾಯ್ತಾ ಇದ್ದೆ” ಎಂದರು ಅವರು. “ನಿನ್ನ ಮನಸ್ಸಿನಲ್ಲಿ ಇದೇ ಇದ್ದು ಅಂತ ಗೊತ್ತಿತ್ತು.”

“ಬೇಜಾರಾತಾ ಅಕ್ಕ?”

“ಬೇಜಾರು ಎಂತಕ್ಕೆ? ಹತ್ತೊಂಬತ್ತು ವರ್ಷದಲ್ಲಿ ಇಷ್ಟು ನಿರಾಳ ಆದದ್ದಿಲ್ಲೆ.”

ಸುದರ್ಶನನಿಗೆ ಸ್ವಲ್ಪ ನೋವಾಯಿತು. ನಾಲ್ಕು ವರ್ಷ ದುಡಿದವನು ಹೋಗುತ್ತೇನೆಂದರೆ ಇಷ್ಟೊಂದು ನಿರಾಳವೇ ಎನಿಸಿತು. ಅವರು ಸಹಿ ಹಾಕಿ, ಮೊಬೈಲಿನಲ್ಲಿ ಕಾಗದದ ಫೋಟೊ ತೆಗೆದು, ಮಡಚಿ ಹಿಂದಕ್ಕೆ ಕೊಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಅವನು ನಿಲ್ಲದೆ ಆಟೊ ಹತ್ತಿದ.

ಅರ್ಧ ತಾಸು ಹೊರಗೆ ಕಾಯಿಸಿದ ಮೇಲೆ, ನಾಲ್ಕು ಗಂಟೆಗೆ ಸಹಕಾರಿ ಸಂಘದ ವ್ಯವಸ್ಥಾಪಕ ಶ್ರೀಧರ ಆ ಕಾಗದ ಬಿಚ್ಚಿ ಓದಿದರು. ತಿರುಗಿಸಿ ಓದಿದರು. ಮತ್ತೆ ತಿರುಗಿಸಿದರು.

“ಇದ್ರಲ್ಲಿ ಯಾವ ಬದಿ ಖರೆ?”

ಸುದರ್ಶನ ಬಗ್ಗಿ ನೋಡಿದ. ರಾಜೀನಾಮೆಯ ಕೆಳಗಿನ ಜಾಗ ಖಾಲಿ ಇತ್ತು. ಹಿಂಬದಿಯಲ್ಲಿ, ಸುದರ್ಶನ ನಾಯ್ಕರು ಮುಂದಿನ ಮೂರು ವರ್ಷ ಸಂಸ್ಥೆಯಲ್ಲಿ ಪೂರ್ಣಾವಧಿ ಮುಂದುವರಿಯಲು ಒಪ್ಪಿದ್ದಾರೆ ಎಂಬ ಒಕ್ಕಣೆಯ ಕೆಳಗೆ ಮಹಾಲಕ್ಷ್ಮೀ ಹೆಗಡೆಯವರ ದುಂಡನೆಯ ಸಹಿ ಇತ್ತು. ಬೇಡದ ಕಾಗದವೆಂದು ಅದನ್ನು ಪ್ರಿಂಟರಿನ ಪಕ್ಕದ ರಾಶಿಗೆ ಹಾಕಿದ್ದು ತಾನೇ ಎಂಬುದು ಅವನಿಗೆ ಆಗ ನೆನಪಾಯಿತು.

“ನಮ್ಗೆ ಬೇಕಾದ ಬದಿಗೆ ಸಹಿ ಇಲ್ಲ” ಎಂದರು ಶ್ರೀಧರ. “ಇನ್ನೂ ಐದಾಗ್ಲಿಲ್ಲ. ಹೋಗಿ ಹಾಕ್ಸ್ಕಂಡು ಬನ್ನಿ.”

ಅದೇ ಆಟೊ. ನಾಲ್ಕೂ ಇಪ್ಪತ್ತೈದಕ್ಕೆ ಸುದರ್ಶನ ಮರಳಿನಲ್ಲಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮಹಾಲಕ್ಷ್ಮಕ್ಕ ಈ ಸಲ ಸರಿಯಾದ ಬದಿಯನ್ನು ಎರಡು ಬಾರಿ ಓದಿದರು. ಸಿಟ್ಟು ಬರಲಿಲ್ಲ.

“ಮೊದ್ಲೇ ಹೇಳೂದಲ್ದ ಮಾರಾಯ. ನಾ ತಡೀತಿದ್ನಾ?”

“ಹಾಗಾದ್ರೆ ಸಹಿ ಹಾಕಿ ಅಕ್ಕ.”

“ಹಾಕ್ತಿದ್ದೆ. ಆದ್ರೆ ಈಗ ನನ್ನ ಸಹಿಗೆ ಬೆಲೆ ಇಲ್ಲೆ.”

ಅವರು ಮೊಬೈಲು ತೋರಿಸಿದರು. ಮಂಡಿನೋವಿನಿಂದ ಎರಡು ವರ್ಷದ ಹಿಂದೆಯೇ ಅವರು ತಮ್ಮ ರಾಜೀನಾಮೆ ಬರೆದಿಟ್ಟಿದ್ದರು. ನಿಲ್ಲುವವರೊಬ್ಬರು ಸಿಕ್ಕಿದ ಮೇಲೆ ಕಳಿಸೋಣವೆಂದು ಕಾದಿದ್ದರು. ಮೂರು ಗಂಟೆಗೆ ಸುದರ್ಶನನ ಒಪ್ಪಿಗೆ ಪತ್ರದ ಜೊತೆಗೆ ಅದನ್ನೂ ಸಂಸ್ಥೆ ನಡೆಸುವ ಟ್ರಸ್ಟಿಗಳಿಗೆ ಕಳಿಸಿದ್ದರು. ಮೂರೂ ಇಪ್ಪತ್ತಕ್ಕೆ ಉತ್ತರ ಬಂದಿತ್ತು: ರಾಜೀನಾಮೆ ಅಂಗೀಕೃತ, ತಕ್ಷಣದಿಂದ ಪ್ರಭಾರ ನಿರ್ದೇಶಕ ಸುದರ್ಶನ ನಾಯ್ಕ.

“ಮತ್ತೆ ನನ್ನ ಬಿಡುಗಡೆಗೆ ಸಹಿ ಹಾಕೂದು ಯಾರು?”

“ನೀನೇ” ಎಂದರು ಮಹಾಲಕ್ಷ್ಮಕ್ಕ.

“ಸಾಯೇಬ್ರೆ, ಬಲೆ ಒಂದು ಬದಿ ಸಡ್ಲ ಆಗ್ಯದೆ” ಎಂದ ಜಟ್ಟಿ. ಮಾಸ್ತರ ಅಷ್ಟರಲ್ಲೇ ಸಾಹೇಬನಾಗಿದ್ದ.

ನಾಲ್ಕೂ ಐವತ್ತೆರಡಕ್ಕೆ ಸುದರ್ಶನ ತನ್ನ ಬಿಡುಗಡೆಗೆ ತಾನೇ ಸಹಿ ಹಾಕಿದ ಪತ್ರವನ್ನು ಸಂಘಕ್ಕೆ ಕೊಟ್ಟ. ಶ್ರೀಧರ ಅದನ್ನು ಸ್ವೀಕರಿಸಲಿಲ್ಲ. ಸೋಮವಾರ ಹತ್ತು ಗಂಟೆಗೆ ಅನೂಪ ಕೆಲಸಕ್ಕೆ ಸೇರಿದ. ಅದೇ ದಿನ ಕುಮಟಾದಲ್ಲಿ ಪ್ರಭಾರ ನಿರ್ದೇಶಕರ ಮೊದಲ ಆದೇಶ ಹೊರಬಿತ್ತು: ಕಾಗದದ ಬಳಸಿದ ಬದಿಗೆ ಅಡ್ಡಗೀಟು ಎಳೆದ ಮೇಲೆಯೇ ರಾಶಿಗೆ ಹಾಕತಕ್ಕದ್ದು.